ಯಾರೂ ಕೊಡದ ಐವತ್ತು

"ಇದನ್ನ ಬರೆದವರು ಯಾರು?"

ಬಾಗಿಲಲ್ಲಿ ನಿಂತವನ ಕೈಯಲ್ಲಿ ಒಂದೇ ಒಂದು ಹಾಳೆ. ಅವಳು ಕಂಪ್ಯೂಟರಿನಿಂದ ತಲೆಯೆತ್ತಿದಳು. ಹಾಳೆಯ ಕೆಳಗಿದ್ದ ಸಹಿ ಅಲ್ಲಿಂದಲೇ ಕಾಣುತ್ತಿತ್ತು... ಅವಳದ್ದೇ!

"ನಾನೇ. ಏನಾಗ್ಬೇಕಿತ್ತು?"

ಕೇಳಿದ ಮೇಲೆ ಹೊಳೆಯಿತು. ಆ ದನಿ! ಮಾತಾಡುವಾಗಲೂ ಅದು ನಡುವೆ ಸೀಳುತ್ತಿತ್ತು. ಹಳೇ ಗಿಟಾರ್ ಹಿಡಿದು ಹೆದ್ದಾರಿಗಳ ಬಗ್ಗೆ, ಲಾರಿಗಳ ಬಗ್ಗೆ, ಮನೆ ಬಿಟ್ಟು ಹೋದವರ ಬಗ್ಗೆ ಹಾಡುವ ಗಾಯಕ. ಮೆಚ್ಚಿದವರೂ ಅವನನ್ನು 'ಬಿರುಕ' ಅನ್ನುತ್ತಿದ್ದರು, ಆಗದವರೂ ಹಾಗೇ ಅನ್ನುತ್ತಿದ್ದರು.

ಅವನು ಹಾಳೆಯನ್ನು ಓದಿದ. "'ಸರಾಸರಿ ಐವತ್ತು ಅಂಕ. ಕೇಳುಗರಲ್ಲಿ ವಿಶೇಷ ಪ್ರತಿಕ್ರಿಯೆ ಇಲ್ಲ.' ಅರವತ್ತು ಜನ ಕೇಳಿದ್ರಂತೆ. ಒಬ್ಬರಿಗಾದ್ರೂ ಬೈಬೇಕು ಅನ್ನಿಸಲಿಲ್ವಾ?"

"ಏನಂದ್ರಿ?"

"ಬೈಗುಳ ನನಗೆ ಹೊಸದಲ್ಲ ಮೇಡಂ. ತುಕ್ಕು ಹಿಡಿದ ಗೇಟು ಅಂದಿದ್ದಾರೆ, ನೆಗಡಿ ಬಂದ ಕಾಗೆ ಅಂದಿದ್ದಾರೆ. ಅದೇ ದಿನ ಇನ್ಯಾರೋ ಬಂದು ನನ್ನ ಕೈ ಹಿಡ್ಕೊಂಡು ಅತ್ತಿದ್ದಾರೆ. ನನಗೆ ಅಷ್ಟು ಸಾಕಿತ್ತು. ಆದ್ರೆ ಯಾರಿಗೂ ಏನೂ ಅನ್ನಿಸಲಿಲ್ಲ ಅಂದ್ರೆ..."

ಅವಳ ಕಿವಿ ಬಿಸಿಯಾಯಿತು.

ರೇಡಿಯೋ ಕೇಂದ್ರದಲ್ಲಿ ಅವಳದು ಕೇಳುಗರನ್ನು ಅಳೆಯುವ ಕೆಲಸ. ಗಾಜಿನ ಗೋಡೆಯ ಆಚೆ ಅರವತ್ತು ಜನ ಕೂರುತ್ತಾರೆ. ಪ್ರತಿಯೊಬ್ಬರ ಕೈಯಲ್ಲೂ ಒಂದು ಗುಂಡಿ. ಹಾಡು ಇಷ್ಟವಾದರೆ ನೂರರ ಕಡೆ, ಬೇಡವಾದರೆ ಸೊನ್ನೆಯ ಕಡೆ ತಿರುಗಿಸಬೇಕು. ಲೆಕ್ಕ ಹಾಕಿ ವರದಿ ಬರೆಯುವವಳು ಅವಳು. ಕಚೇರಿಯಲ್ಲಿ ಎಲ್ಲರಿಗೂ ಅವಳು 'ಅಂಕಿ ಮೇಡಂ'.

"ಈ ವರದಿ ನೋಡಿದ ಆಡಿಯೋ ಕಂಪನಿಗೆ ನನ್ನ ಹಾಡು ಬೇಕಂತೆ, ದನಿ ಮಾತ್ರ ಬೇಡವಂತೆ," ಎಂದ ಅವನು. "ಬೇರೆಯವರು ಹಾಡ್ತಾರೆ. ಮೂರು ವಾರದಲ್ಲಿ ಸಹಿ ಹಾಕ್ಬೇಕು. ಹಾಕಿದ್ರೆ ಆಮೇಲೆ ಆ ಹಾಡುಗಳನ್ನ ನಾನು ಎಲ್ಲೂ ಹಾಡೋ ಹಾಗಿಲ್ಲ."

"ಅಂಕಿಗಳನ್ನ ನಾನು ಬದಲಾಯಿಸೋಕಾಗಲ್ಲ..."

"ಬದಲಾಯಿಸಿ ಅನ್ನಲಿಲ್ಲ. ಜನ ಹೇಗೆ ಕೇಳ್ತಾರೆ ಅಂತ ಒಂದ್ಸಲ ನೋಡ್ಬೇಕು. ಅಷ್ಟೇ."

ಅವಳು ಬೇಡ ಅನ್ನಬೇಕಿತ್ತು. ಅನ್ನಲಿಲ್ಲ.

ಏಕೆಂದರೆ ಅವನಿಗೆ ಗೊತ್ತಿಲ್ಲದ ಒಂದು ಸಂಗತಿ ಅವಳ ಎದೆಯಲ್ಲಿ ಮುಳ್ಳಾಗಿತ್ತು. ಪರೀಕ್ಷೆಯ ದಿನ ಅವನ ಹಾಡು ಶುರುವಾದಾಗ ಪಕ್ಕದಲ್ಲಿದ್ದ ಧ್ವನಿ ತಂತ್ರಜ್ಞ, "ಯಾರ ಗಂಟಲಲ್ಲೋ ಜಲ್ಲಿ ಲಾರಿ ಉರುಳಿದೆ!" ಎಂದಿದ್ದ. ಎಲ್ಲರೂ ನಕ್ಕಿದ್ದರು. ಅವಳೂ ನಕ್ಕಿದ್ದಳು.

ಎರಡನೇ ಚರಣದಲ್ಲಿ ಹಾಡಿನೊಳಗಿನ ಮನುಷ್ಯ ಖಾಲಿ ಮನೆಗೆ ಬಂದು ಅಭ್ಯಾಸದಂತೆ ಕೂಗುತ್ತಾನೆ. ಅಲ್ಲಿ ಆ ದನಿ ಸೀಳಿತ್ತು... ಅಮ್ಮ ತೀರಿಕೊಂಡ ತಿಂಗಳು ಅವಳೂ ಬಾಗಿಲು ತೆರೆದು, ಚಪ್ಪಲಿ ಬಿಡುತ್ತಾ, "ಅಮ್ಮಾ, ಬಂದೆ" ಎಂದಿದ್ದಳು. ಪರೀಕ್ಷೆಯ ನಡುವೆಯೇ ಅವಳು ಹೆಡ್‌ಫೋನ್ ತೆಗೆದಿಟ್ಟು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದಳು.

ನಕ್ಕ ಬಾಯಿಯಲ್ಲೇ ಅಳು ಬಂತೆಂದು ಯಾರಿಗೆ ಹೇಳುವುದು? ಆ ವಾರ ಹನ್ನೆರಡು ಹಾಡುಗಳಿದ್ದವು. ಹನ್ನೊಂದರ ಅಂಕಗಳನ್ನು ಒಬ್ಬೊಬ್ಬ ಕೇಳುಗರದಾಗಿ ಬಿಡಿಸಿ ನೋಡಿದಳು. ಅವನದನ್ನು ಬಿಡಿಸಲಿಲ್ಲ. ಸರಾಸರಿಯ ಸಾಲಿನಲ್ಲಿದ್ದ ಐವತ್ತನ್ನು ಎತ್ತಿ ಬರೆದು ಫೈಲು ಮುಚ್ಚಿದಳು. ತನ್ನ ಮನಸ್ಸು ಲೆಕ್ಕದೊಳಗೆ ಬರಬಾರದೆಂದು ತನಗೇ ಹೇಳಿಕೊಂಡಳು.

ಅವನು ವಾರಕ್ಕೆರಡು ಸಲ ಬರತೊಡಗಿದ. ಗಾಜಿನ ಹಿಂದೆ ಅವಳ ಪಕ್ಕದ ಸ್ಟೂಲಿನಲ್ಲಿ ಕೂತು, ಬೇರೆಯವರ ಹಾಡಿಗೆ ಗುಂಡಿ ತಿರುಗಿಸುವ ಬೆರಳುಗಳನ್ನು ನೋಡುತ್ತಿದ್ದ. ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಚಹಾ.

"ಆ ಮೂರನೇ ಸಾಲಿನ ಅಜ್ಜ ನಿದ್ದೆ ಮಾಡ್ತಿದ್ರು. ಗುಂಡಿ ಎಪ್ಪತ್ತರಲ್ಲೇ ಇತ್ತು. ಅವರನ್ನೂ ಎಣಿಸ್ತೀರಾ?"

"ಎಣಿಸ್ತೀವಿ. ನಿದ್ದೆ ಚೆನ್ನಾಗಿ ಬಂದಿದ್ರೆ ಎಪ್ಪತ್ತು ಸರಿಯೇ ಅಲ್ವಾ?"

ಅವನು ನಗುತ್ತಿದ್ದ. ಆ ನಗುವೂ ಅರ್ಧದಲ್ಲಿ ಬಿರುಕು ಬಿಡುತ್ತಿತ್ತು. ಅವನು ಬರುವ ದಿನ ತಾನು ಕೂದಲನ್ನು ಎರಡು ಸಲ ಬಾಚಿಕೊಳ್ಳುತ್ತೇನೆಂದು ಅವಳಿಗೆ ತಿಳಿದದ್ದು ಎರಡನೇ ವಾರದಲ್ಲಿ.

*ನಿನ್ನ ದನಿಗೆ ನಕ್ಕವಳು ನಾನು. ಈ ಚಹಾದ ಕಪ್ಪನ್ನು ನನ್ನ ಕೈಗೆ ಕೊಡಬೇಡ...*

ಹೇಳಲಿಲ್ಲ.

ಮೂರನೇ ವಾರದ ಶುಕ್ರವಾರ. ಮರುದಿನ ಹತ್ತು ಗಂಟೆಗೆ ಸಹಿ. ಅಮ್ಮ ಹೋದ ಮೇಲೆ ಅವಳು ಅಕ್ಕನ ಮನೆಯಲ್ಲೇ ಇದ್ದಳು. ಬೆಳಗಿನ ತಿಂಡಿಯ ಹೊತ್ತಿಗೆ ಅಕ್ಕ ಫೋನಿನಲ್ಲಿ ಅವನ ಹಾಡು ಹಾಕಿದಳು. ಭಾವ ಎರಡೂ ಕಿವಿ ಮುಚ್ಚಿಕೊಂಡರು.

"ಲೇ, ಅದನ್ನ ನಿಲ್ಲಿಸು! ಮನೇಲಿ ಏನಾದ್ರೂ ಜಗಳವಾ ಅಂತ ಪಕ್ಕದ ಮನೆಯವರು ಕೇಳ್ತಾರೆ."

"ಹದಿನಾಲ್ಕು ವರ್ಷದಿಂದ ನಿಮ್ಮ ಗೊರಕೆ ಕೇಳಿಸ್ಕೊಂಡಿದ್ದಾರೆ. ಒಂದು ದಿನ ಬಂದು ಕೇಳಿದ್ರಾ?"

ಅವಳಿಗೆ ನಗು ಬಂತು. "ಭಾವ, ನೂರಕ್ಕೆ ಎಷ್ಟು ಕೊಡ್ತೀರಾ?"

"ಐದು. ಅದೂ ಗಿಟಾರಿಗೆ."

"ಅಕ್ಕ, ನೀನು?"

"ತೊಂಬತ್ತೈದು. ಪೂರ್ತಿ ಕೊಡ್ತಿದ್ದೆ, ಐದನ್ನ ನಿನ್ನ ಭಾವ ಇಟ್ಕೊಂಡಿದ್ದಾರಲ್ಲ!"

ಐದು. ತೊಂಬತ್ತೈದು. ಕೂಡಿಸಿ ಎರಡರಿಂದ ಭಾಗಿಸಿದರೆ...

ಅವಳ ಕೈಯಿಂದ ಚಮಚ ಜಾರಿತು.

"ಏನಾಯ್ತೇ?" ಎಂದಳು ಅಕ್ಕ.

"ಈ ಮನೇಲಿ ಐವತ್ತು ಕೊಟ್ಟವರು ಯಾರೂ ಇಲ್ಲ ಅಕ್ಕಾ..."

ಕಚೇರಿಗೆ ಓಡಿದಳು. ಫೈಲು ತೆರೆದಳು. ಮೂವತ್ತೊಂದು ಜನ ಎಂಬತ್ತೈದಕ್ಕಿಂತ ಮೇಲೆ. ಇಪ್ಪತ್ತೊಂಬತ್ತು ಜನ ಹದಿನೈದಕ್ಕಿಂತ ಕೆಳಗೆ. ನಡುವೆ ಖಾಲಿ! ಒಬ್ಬನೇ ಒಬ್ಬನಿಲ್ಲ! ಒಲೆಯ ಮೇಲೆ ಒಂದು ಕೈ, ಮಂಜುಗಡ್ಡೆಯ ಮೇಲೆ ಒಂದು ಕೈ ಇಟ್ಟವನನ್ನು ನೋಡಿ 'ಹದವಾಗಿದ್ದಾನೆ' ಎಂದು ಬರೆದಿದ್ದಳು ಅವಳು.

ಮೊದಲು ಅಂಕಗಳು ಹೇಗೆ ಹರಡಿವೆ ನೋಡಿ, ಆಮೇಲೆ ಸರಾಸರಿ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವಳು ಹೇಳುವ ಮೊದಲ ಮಾತು ಅದು. ಅವಳಿಗೆ ಕುರ್ಚಿಯಲ್ಲೇ ಕುಗ್ಗಿ ಇಲ್ಲವಾಗಬೇಕೆನ್ನಿಸಿತು.

ಫೋನ್ ಕೈಗೆತ್ತಿಕೊಂಡಳು. 'ನನ್ನಿಂದ ತಪ್ಪಾಗಿದೆ' ಎಂದು ಬರೆದಳು. ಅಳಿಸಿದಳು. ಮಧ್ಯಾಹ್ನ ಮತ್ತೆ ಬರೆದಳು. ಸಂಜೆ ಮತ್ತೆ ಅಳಿಸಿದಳು.

ಶನಿವಾರ ಹತ್ತಕ್ಕೆ ಐದು ನಿಮಿಷವಿದ್ದಾಗ ಅವಳು ರೆಕಾರ್ಡಿಂಗ್ ಸ್ಟುಡಿಯೋದ ಬಾಗಿಲು ತಳ್ಳಿದಳು. ಮೇಜಿನ ಮೇಲೆ ಕರಾರುಪತ್ರ. ಒಂದು ಕಡೆ ಕಂಪನಿಯ ಮ್ಯಾನೇಜರ್, ಇನ್ನೊಂದು ಕಡೆ ಪೆನ್ನು ಹಿಡಿದ ಅವನು.

"ಸಹಿ ಹಾಕ್ಬೇಡಿ! ವರದಿ ತಪ್ಪು. ತಪ್ಪು ನನ್ನದು."

ತಂದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಮೇಲೆ ಒಂದು ದಟ್ಟ ಗುಂಪು, ಕೆಳಗೆ ಒಂದು ದಟ್ಟ ಗುಂಪು, ನಡುವೆ ಬಿಳಿ ಕಾಗದ.

ಮ್ಯಾನೇಜರ್ ಕನ್ನಡಕ ಸರಿಪಡಿಸಿಕೊಂಡರು. "ಅರ್ಧ ಜನಕ್ಕೆ ಆಗೋದೇ ಇಲ್ಲ ಅಂದ್ರೆ ನಮಗೆ ಅದೂ ಕಷ್ಟವೇ ಅಲ್ವಾ ಮೇಡಂ?"

"ಕಷ್ಟವೇ ಸರ್. ಆದ್ರೆ ಯಾರಿಗೂ ಏನೂ ಅನ್ನಿಸಲಿಲ್ಲ ಅಂತ ನಾನು ಬರೆದಿದ್ನಲ್ಲ, ಅದು ಸುಳ್ಳು. ನಮ್ಮ ಕೇಂದ್ರದ ನಿರ್ದೇಶಕರಿಗೂ ಬರೆದು ಕೊಟ್ಟು ಬಂದಿದ್ದೀನಿ."

ಅವನು ಹಾಳೆಯ ಕೆಳಗಿನ ಗುಂಪನ್ನೇ ನೋಡುತ್ತಿದ್ದ. "ಇಪ್ಪತ್ತೊಂಬತ್ತು ಜನಕ್ಕೆ ಅಷ್ಟು ಸಿಟ್ಟು ಬಂತಾ?"

"ಒಬ್ಬರಂತೂ ಗುಂಡಿ ಕಿತ್ತೇ ಬಿಡ್ತಿದ್ರು."

ಅವನ ಮುಖ ಅರಳಿತು! ಆ ಬೆಳಕನ್ನು ಹಾಗೇ ಬಿಟ್ಟು ಅವಳು ಹೊರಟುಹೋಗಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ.

"ಇನ್ನೂ ಒಂದಿದೆ," ಎಂದಳು. "ಆ ದಿನ ನಿಮ್ಮ ದನಿಗೆ ಎಲ್ಲರೂ ನಕ್ಕರು. ನಾನೂ ನಕ್ಕೆ. ಆಮೇಲೆ ಹೋಗಿ ಅತ್ತೆ. ಆ ನಾಚಿಕೆಗೆ ನಿಮ್ಮ ಫೈಲು ಬಿಡಿಸಲೇ ಇಲ್ಲ, ಬರೀ ಸರಾಸರಿ ಬರೆದೆ. ತಪ್ಪು ಗೊತ್ತಾಗಿದ್ದು ನಿನ್ನೆ ಬೆಳಗ್ಗೆ. ನಿನ್ನೆಯೆಲ್ಲಾ ಸುಮ್ನಿದ್ದೆ."

ಅವನು ಪೆನ್ನನ್ನು ಮೇಜಿನ ಮೇಲಿಟ್ಟು ಹೊರಗೆ ನಡೆದ.

ಮೆಟ್ಟಿಲ ಮೇಲೆ ಕೂತಿದ್ದ ಅವನಿಂದ ಎರಡು ಮೆಟ್ಟಿಲು ಕೆಳಗೆ ಅವಳು ಕೂತಳು. ಮುಖ ನೋಡುವ ಧೈರ್ಯವಿರಲಿಲ್ಲ.

"ನಕ್ಕಿದ್ದು ಬಿಡಿ, ನಗೋವರು ಬೇಕಾದಷ್ಟು ಜನ ಇದ್ದಾರೆ," ಎಂದ ಅವನು. "ನಿನ್ನೆ ರಾತ್ರಿಯೆಲ್ಲಾ ಆ ಹಾಡುಗಳಿಗೆ ವಿದಾಯ ಹೇಳ್ಕೊಂಡು ಕೂತಿದ್ದೆ ನಾನು. ನಿಮ್ಮದೊಂದು ಮಾತು ಸಾಕಿತ್ತು. ಯಾಕೆ ಹೇಳಲಿಲ್ಲ?"

"ಹೇಳಿದ್ರೆ... ನೀವು ಮತ್ತೆ ಬರಲ್ಲ ಅನ್ನಿಸ್ತು. ಗುರುವಾರ ಮೂರು ಗಂಟೆಗೆ ಆ ಸ್ಟೂಲು ಖಾಲಿ ಇರುತ್ತೆ ಅನ್ನಿಸ್ತು." ಅವಳ ಕಣ್ಣು ತುಂಬಿತು. "ನನ್ನ ಸ್ವಾರ್ಥಕ್ಕೆ ನಿಮ್ಮ ಹಾಡು ಬಲಿ ಕೊಡ್ತಿದ್ದೆ. ಥೂ... ನನಗೇ ನನ್ನ ಮುಖ ನೋಡ್ಕೊಳ್ಳೋಕಾಗ್ತಿಲ್ಲ."

ಅವನು ಒಂದು ಮೆಟ್ಟಿಲು ಕೆಳಗೆ ಸರಿದು ಕೂತ. ಇನ್ನೊಂದು ಮೆಟ್ಟಿಲು ಸರಿಯಲು ಮತ್ತಷ್ಟು ಹೊತ್ತು ತೆಗೆದುಕೊಂಡ.

"ಸಿಟ್ಟು ಇನ್ನೂ ಇದೆ," ಎಂದ.

"ಇರಲಿ."

"ಆ ಸ್ಟೂಲಿಗೋಸ್ಕರ ನಾನೂ ಎರಡು ಬಸ್ಸು ಬದಲಾಯಿಸಿ ಬರ್ತಿದ್ದೆ. ಜನ ಹೇಗೆ ಕೇಳ್ತಾರೆ ಅನ್ನೋದು ಮೊದಲ ದಿನವೇ ಅರ್ಥವಾಗಿತ್ತು."

ಅವಳು ತಲೆಯೆತ್ತಿದಳು. ಅವನು ಬೇರೆಲ್ಲೋ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಾಗಿತ್ತು.

ಒಳಗಿನಿಂದ ಮ್ಯಾನೇಜರ್ ಕೂಗಿದರು. "ಏನಪ್ಪಾ, ಸಹಿ ಹಾಕ್ತೀಯೋ ಇಲ್ವೋ? ಸ್ಟುಡಿಯೋ ಬಾಡಿಗೆ ಓಡ್ತಿದೆ!"

"ಹಾಕಲ್ಲ ಸರ್! ನಾನೇ ಹಾಡ್ತೀನಿ. ಬೇಡ ಅಂದ್ರೆ ಇದೇ ಮೆಟ್ಟಿಲ ಮೇಲೆ ಕೂತು ಹಾಡ್ತೀನಿ!"

"ಅಯ್ಯೋ ಬೇಡಪ್ಪಾ! ಒಳಗೇ ಬಂದು ಒಂದು ಹಾಡು. ಆಮೇಲೆ ಮಾತಾಡೋಣ."

ಅವನು ಎದ್ದು ಕೈ ಚಾಚಿದ. "ಬಾ. ಒಳಗೆ ಕೂತು ಕೇಳು."

"ಅತ್ತುಬಿಟ್ರೆ?"

"ಅಳು. ಈ ಸಲ ಎದ್ದು ಹೋಗ್ಬೇಡ."

ಅವಳು ಆ ಕೈ ಹಿಡಿದಳು. ಎರಡು ಹೆಜ್ಜೆ ನಡೆದು ನಿಂತಳು. ಇನ್ನು ಒಂದನ್ನೂ ಮುಚ್ಚಿಡಲಾರಳು.

"ಒಂದು ಮಾತು. ನಿಮ್ಮ ಆ ಪೆಟ್ರೋಲ್ ಬಂಕಿನ ಹಾಡಿದೆಯಲ್ಲ... ಅದು ನನಗೆ ಒಂಚೂರೂ ಹಿಡಿಸಲ್ಲ."

ಅವನು ತಿರುಗಿ ನೋಡಿದ. ಆ ಬಿರುಕು ನಗು ಕಾರಿಡಾರಿನ ತುಂಬ ಹರಡಿತು.

"ಅಬ್ಬಾ! ಇದನ್ನೂ ಮುಚ್ಚಿಡಲಿಲ್ಲ ನೀನು. ಈಗ ನಂಬಿಕೆ ಬಂತು."

"ಏನಂತ?"

"ನಿನಗೆ ನಾನು ಇಷ್ಟ ಅಂತ."