ನಲವತ್ತೊಂದನೇ ಟೇಬಲ್

ರೈಲು ಹೊರಟು ಇಪ್ಪತ್ತು ನಿಮಿಷವಾಗಿತ್ತು. ಪಕ್ಕದ ಸೀಟಿನವನ ಕಡೆ ನಾನು ಒಮ್ಮೆಯೂ ತಿರುಗಿರಲಿಲ್ಲ.

ನಾಣ್ಯ ವ್ಯಾಪಾರಿಗಳಲ್ಲಿ ಒಂದು ಕಟ್ಟಳೆ ಇದೆ. ಸರಕು ಹೊತ್ತು ಒಬ್ಬರೇ ಪ್ರಯಾಣ ಮಾಡಬಾರದು. ಒಬ್ಬರು ಎದ್ದು ಹೋದರೆ ಇನ್ನೊಬ್ಬರು ಚೀಲ ಕಾಯಬೇಕು. ಆ ಒಂದೇ ಕಾರಣಕ್ಕೆ, ಅವನು ಯಾವಾಗಿನಂತೆ ಇಬ್ಬರಿಗೂ ಸೇರಿಸಿ ತೆಗೆಸಿದ್ದ ಟಿಕೆಟ್ಟಿನಲ್ಲಿ ನಾನು ಕೂತಿದ್ದೆ. ಇಲ್ಲದಿದ್ದರೆ ನಡೆದೇ ಹೋಗುತ್ತಿದ್ದೆ.

ವ್ಯಾಪಾರದವರು ಅವನನ್ನು ಭೂತಗನ್ನಡಿ ಎನ್ನುತ್ತಾರೆ. ಕೊರಳಲ್ಲಿ ಸದಾ ಲೆನ್ಸ್ ನೇತಾಡುತ್ತಿರುತ್ತದೆ. ತಾಮ್ರದ ನಾಣ್ಯಗಳನ್ನಷ್ಟೇ ಮಾರುವ ನಾನು ತಾಮ್ರ ಮೇಡಂ. ಬೆನ್ನ ಹಿಂದೆ ನನ್ನ ಕೋಪಕ್ಕೆ ಬೇರೆ ಹೆಸರೂ ಇಟ್ಟಿದ್ದಾರಂತೆ. ಇಟ್ಟುಕೊಳ್ಳಲಿ.

"ಮಾತು ಬೆಳ್ಳಿ, ಮೌನ ಬಂಗಾರ ಅಂತಾರೆ," ಅವನು ಕಿಟಕಿಗೆ ಹೇಳಿದ. "ಇವತ್ತು ಬಂಗಾರದ ರೇಟು ಸಿಕ್ಕಾಪಟ್ಟೆ ಏರಿದೆ."

ನನಗೆ ನಗು ಬರಲಿಲ್ಲ. ಬಂದಿದ್ದರೂ ತೋರಿಸುತ್ತಿರಲಿಲ್ಲ.

ಅವನು ಮಾಡಿದ್ದೇನು ಕೇಳಿ. ನನ್ನ ಟ್ರೇಯ ಮೊದಲ ಗುಳಿಯಲ್ಲಿ ಅಪ್ಪನ ಕಾಲದಿಂದಲೂ ಒಂದು ತಾಮ್ರದ ನಾಣ್ಯ ಕೂತಿತ್ತು. ರಾಜನ ಮೂಗು ಯಾವುದು, ಕಿವಿ ಯಾವುದು ಗೊತ್ತಾಗದಷ್ಟು ಸವೆದದ್ದು. ಅದರ ಚೀಟಿಯ ಮೇಲೆ ಅಪ್ಪ ಹತ್ತು ಪಟ್ಟು ಬೆಲೆ ಬರೆದಿದ್ದರು. "ಮಾರಲ್ಲ ಅಂದ್ರೆ ಗಿರಾಕಿ ಪ್ರಾಣ ತಿಂತಾನೆ. ಹತ್ತು ಪಟ್ಟು ಅಂದ್ರೆ ನಕ್ಕು ಮುಂದೆ ಹೋಗ್ತಾನೆ" ಎನ್ನುತ್ತಿದ್ದರು. ಅಪ್ಪ ತೀರಿಕೊಂಡ ಮೇಲೂ ನಾನು ಆ ಚೀಟಿ ಬದಲಿಸಲಿಲ್ಲ.

ಕಳೆದ ನಾಣ್ಯ ಪ್ರದರ್ಶನದಲ್ಲಿ, ಟೇಬಲ್ ನೋಡಿಕೊಳ್ಳಿ ಎಂದು ಅವನಿಗೆ ಹೇಳಿ ಕಾಫಿಗೆ ಹೋದೆ. ಹತ್ತೇ ನಿಮಿಷ. ಬಂದು ನೋಡಿದರೆ ಮೊದಲ ಗುಳಿ ಖಾಲಿ. "ಒಂದು ಕಾಸೂ ಬಿಡದೆ ಮಾರಿದೆ" ಎಂದು ಅವನು ನೋಟುಗಳನ್ನು ಹಿಡಿದು, ಓಟದಲ್ಲಿ ಗೆದ್ದವನ ಹಾಗೆ ನಿಂತಿದ್ದ. ಕೊಂಡವನ ಹೆಸರಿಲ್ಲ, ವಿಳಾಸವಿಲ್ಲ.

ಹನ್ನೊಂದು ವರ್ಷದಿಂದ ಪ್ರತಿ ಪ್ರದರ್ಶನದಲ್ಲೂ ಅವನ ಟೇಬಲ್ ನನ್ನ ಪಕ್ಕದಲ್ಲಿರುತ್ತದೆ. ಆ ಬೆರಳುಗಳು ನಾಣ್ಯವನ್ನು ಅಂಚಿನಲ್ಲಷ್ಟೇ ಹಿಡಿಯುವುದನ್ನು, ಹಿಡಿದು ಉಸಿರು ಬಿಗಿಹಿಡಿಯುವುದನ್ನು ಓರೆಗಣ್ಣಲ್ಲಿ ನೋಡಿದ್ದೇನೆ. ನೋಡಬಾರದಷ್ಟು ನೋಡಿದ್ದೇನೆ. ಕೋಪ ಇಷ್ಟು ಬಲಿಯಲು ಅದೂ ಕಾರಣ. ಬೇರೆ ಯಾರಾದರೂ ಮಾರಿದ್ದರೆ ಬೈದು ಮರೆಯುತ್ತಿದ್ದೆ.

ನಾಲ್ಕನೇ ನಿಲ್ದಾಣ ದಾಟಿದಾಗ ಅವನು ಜೇಬಿನಿಂದ ಪುಟ್ಟ ಡಬ್ಬಿ ತೆಗೆದು ನನ್ನ ಮಡಿಲಿನ ಚೀಲದ ಮೇಲಿಟ್ಟ.

"ಅದೇ ರಾಜ, ಅದೇ ಟಂಕಸಾಲೆ, ಅದೇ ವರ್ಷ. ಐದು ತಿಂಗಳು ಹುಡುಕಿದೆ." ಹೆಮ್ಮೆಯಿಂದ ಸೇರಿಸಿದ. "ಅದಕ್ಕಿಂತ ಒಳ್ಳೆ ಸ್ಥಿತೀಲಿದೆ."

ಮೈಯೆಲ್ಲ ಉರಿದುಹೋಯಿತು.

"ನಮ್ಮಪ್ಪನೂ ಹೋದ್ರು. ಅವರಿಗಿಂತ ಒಳ್ಳೆ ಸ್ಥಿತೀಲಿರೋ ಅಪ್ಪನ್ನ ಹುಡುಕಿ ಕೊಡ್ತೀರಾ?"

ಎದುರು ಸೀಟಿನ ಅಜ್ಜಿ ಕನ್ನಡಕ ಸರಿಮಾಡಿಕೊಂಡು ನಮ್ಮನ್ನೇ ನೋಡಿದರು. ಅವನು ಡಬ್ಬಿಯನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ. ಉಳಿದ ನಾಲ್ಕು ಗಂಟೆ ನಾನು ಅವನಿಗೆ ಬೆನ್ನು ತಿರುಗಿಸಿ ಕೂತೆ.

ಈ ಸಲದ ಪ್ರದರ್ಶನದ ಸಭಾಂಗಣ ತಲುಪಿದ ಮೇಲಾದರೂ ಪೀಡೆ ತೊಲಗುತ್ತದೆ ಎಂದುಕೊಂಡಿದ್ದೆ. ತಿಂಗಳ ಹಿಂದೆಯೇ ಕಾರ್ಯದರ್ಶಿಗೆ ಬರೆದು ಟೇಬಲ್ ಬದಲಿಸಿಕೊಂಡಿದ್ದೆನಲ್ಲ. ಅವನದು ಬಾಗಿಲ ಬಳಿಯ ಏಳನೇ ನಂಬರು. ನನ್ನದು ನಲವತ್ತೊಂದು, ಕೊನೆಯ ಮೂಲೆ, ಶೌಚಾಲಯದ ಪಕ್ಕ. ಅಲ್ಲಿಗೆ ಜನ ಬರುವುದು ಅವಸರದಲ್ಲಿ, ಹೋಗುವುದು ನೆಮ್ಮದಿಯಲ್ಲಿ. ನಾಣ್ಯ ನೋಡುವವರು ಯಾರೂ ಇಲ್ಲ.

ಟ್ರೇ ಜೋಡಿಸಿ ತಲೆಯೆತ್ತಿದರೆ ಅವನು ನಲವತ್ತೆರಡರ ಮೇಲೆ ಬಟ್ಟೆ ಹಾಸುತ್ತಿದ್ದ.

"ಇಲ್ಲೇನು ಕೆಲಸ ನಿಮಗೆ?"

"ಏಳನೇದನ್ನ ಅಂಚೆಚೀಟಿಯವರಿಗೆ ಬಿಟ್ಟುಕೊಟ್ಟೆ."

"ಬಾಗಿಲ ಟೇಬಲ್ ಬಿಟ್ಟು ಕಕ್ಕಸಿನ ಪಕ್ಕ? ತಲೆ ನೆಟ್ಟಗಿದೆಯಾ? ನಿಮ್ಮ ವ್ಯಾಪಾರ ಹಾಳಾದ ಪಾಪಾನೂ ನನ್ನ ತಲೆಗೇ ಕಟ್ಟಬೇಕಾ?"

"ಬೈರಿ. ರೈಲಲ್ಲಿ ಪೂರ್ತಿ ಬೈಲಿಲ್ಲ."

ಬೈದೆ. "ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದ್ದೀರಿ. ನನ್ನ ಟ್ರೇಲಿರೋ ಒಂದೊಂದನ್ನೂ ಆ ಲೆನ್ಸ್ ಹಾಕಿ ನೋಡಿದ್ದೀರಿ. ಸವೆದ ನಾಣ್ಯಕ್ಕೆ ಹತ್ತು ಪಟ್ಟು ಯಾಕೆ ಅಂತ ಒಂದಿನ ಕೇಳಿದ್ರಾ? ನನ್ನ ಬಗ್ಗೆ ಒಂದೇ ಒಂದು ಮಾತು ಕೇಳಿದ್ರಾ?"

ಅವನು ಬಟ್ಟೆಯ ಸುಕ್ಕು ತಿದ್ದುತ್ತಲೇ ಇದ್ದ. ಅಲ್ಲಿ ಸುಕ್ಕು ಇರಲೇ ಇಲ್ಲ.

"ಕೇಳಬೇಕು ಅಂತಿದ್ದದ್ದು ಒಂದೇ. ಅದಕ್ಕೆ ಧೈರ್ಯ ಬರಲಿ ಅಂತ ಕಾಯ್ತಾ, ಉಳಿದಿದ್ದನ್ನೂ ಕೇಳಲಿಲ್ಲ. ಪ್ರತಿ ಸಲ ಕಾರ್ಯದರ್ಶಿ ಕೈಕಾಲು ಹಿಡಿದು ಪಕ್ಕದ ಟೇಬಲ್ಲೇ ತಗೋತೀನಿ. ಯಾಕೆ ಅಂತ ನೀವು ಕೇಳಿದ್ರಾ?"

ಕೇಳಿರಲಿಲ್ಲ. ಅದು ತಾನಾಗಿಯೇ ಬರುತ್ತದೆ ಎಂದುಕೊಂಡಿದ್ದೆ. ಆ ಮಾತಿಗೆ ಸಿಟ್ಟು ಇಳಿಯಬೇಕಿತ್ತು, ಏರಿತು. ಹನ್ನೊಂದು ವರ್ಷ ದಂಡ ಮಾಡಿದ ನಮ್ಮಿಬ್ಬರ ಮೇಲೂ.

"ಈಗ ಕೇಳ್ತೀನಿ," ಎಂದ. "ಹತ್ತು ಪಟ್ಟು ಯಾಕೆ?"

"ಆರು ವರ್ಷದವಳಿದ್ದಾಗ ಅದನ್ನ ನುಂಗಿದ್ದೆ." ನನ್ನ ದನಿ ಇನ್ನೂ ಜಗಳದ್ದೇ. "ಅಪ್ಪ ಮೂರು ದಿನ ಅಂಗಡಿ ಮುಚ್ಚಿ ನನ್ನ ಮುಂದೆ ಕೂತಿದ್ರು. ಊಟ ಮುಟ್ಟಲಿಲ್ಲ. ಅದು ಹೊರಗೆ ಬಂದ ದಿನ ಆ ಚೀಟಿ ಬರೆದ್ರು. ಇದಕ್ಕಿರೋದು ನನ್ನ ಮಗಳ ಬೆಲೆ ಅಂದ್ರು. ಅದನ್ನ ನೀವು ಮಾರಿಬಿಟ್ರಿ."

ಅವನ ಕಣ್ಣು ತುಂಬಿಬಂತು. ಅದರ ಬೆನ್ನಿಗೇ ಮುಖ ಹುಳ್ಳಗಾಯಿತು.

"ಅದನ್ನ ನಾನು ಎಷ್ಟೋ ಸಲ ಮೂಗಿಗೆ ಹಿಡಿದಿದ್ದೀನಿ. ತಾಮ್ರ ಅಸಲಿಯಾ ಅಂತ ವಾಸನೆ ನೋಡೋಕೆ."

ತುಟಿ ಕಚ್ಚಿಕೊಂಡೆ. ಆದರೂ ನಕ್ಕೆ. ನಕ್ಕದ್ದಕ್ಕೆ ಮತ್ತೆ ಸಿಟ್ಟು ಬಂತು.

"ಅದನ್ನ ತಂದುಕೊಡೋಕೆ ನನ್ನ ಕೈಲಾಗಲ್ಲ," ಎಂದ. ಲೆನ್ಸ್ ಇಲ್ಲದೆ ಅವನು ನನ್ನನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. "ಪಕ್ಕದಲ್ಲಿ ಕೂತಿರಬಲ್ಲೆ, ಬೈಸಿಕೊಂಡೇ ಇರಬಲ್ಲೆ. ಪ್ರದರ್ಶನ ಇಲ್ಲದ ದಿನಾನೂ."

ಅಷ್ಟರಲ್ಲಿ ಶೌಚಾಲಯದಿಂದ ಬಂದ ಗಿರಾಕಿಯೊಬ್ಬರು ನಮ್ಮ ಎರಡು ಟೇಬಲ್‌ಗಳ ನಡುವೆ ನಿಂತರು.

"ನೀವಿಬ್ರೂ ಒಂದೇ ಅಂಗಡಿಯವರಾ?"

ಭೂತಗನ್ನಡಿ ಅಲ್ಲ ಎನ್ನಲು ಬಾಯಿ ತೆರೆದ.

"ಹೌದು," ಎಂದೆ ನಾನು, ಅದೇ ಸಿಟ್ಟಿನಲ್ಲಿ. "ಇವತ್ತಿಂದ ಒಂದೇ. ಕೈ ಒರೆಸಿಕೊಂಡು ನಾಣ್ಯ ಮುಟ್ಟಿ."