ಹಿಂದಿನಿಂದ ಕರೆದವಳು

ಬಾಗಿಲು ತೆರೆದದ್ದೇ ತಡ, ಹೀರಾಳ ಕೈಯಲ್ಲಿದ್ದ ಪೆನ್ನು ನಿಂತುಹೋಯಿತು.

ಕಿಶನ!

ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮಹಡಿಯಲ್ಲಿ ನಡೆಯುವ ಸಂಜೆಯ ಇಂಗ್ಲಿಷ್ ಕ್ಲಾಸು ಅದು. ತನ್ನೂರು ಹಾರವಾಡದ ದಡದಲ್ಲಿ ಯಾರನ್ನು ಕಂಡರೆ ಅವಳು ದಾರಿ ಬದಲಿಸುತ್ತಿದ್ದಳೋ, ಅವನೇ ಇಲ್ಲಿ ಚಪ್ಪಲಿ ಕಳಚಿ ಒಳಗೆ ಬರುತ್ತಿದ್ದ. ಗಡ್ಡ ಬೆಳೆದಿತ್ತು. ಕೆನ್ನೆ ಒಳಗೆ ಹೋಗಿತ್ತು. ಒಂದು ಕ್ಷಣ ಇಬ್ಬರ ಕಣ್ಣೂ ಕೂಡಿದವು. ಅವನೇ ಮೊದಲು ನೋಟ ತಗ್ಗಿಸಿ, ಹಿಂದಿನ ಬೆಂಚಿನಲ್ಲಿ ಕೂತ.

ಇಲ್ಲಿಗೂ ಬಂದನಾ... ಊರಲ್ಲಿ ಕೇಳಿಸಿಕೊಂಡದ್ದು ಸಾಲದೇ?

ಹೋದ ವರ್ಷ ಮಳೆಗಾಲ ಕಳೆದು ದೋಣಿಗಳು ನೀರಿಗಿಳಿದ ಹೊಸತು. ಸಮುದ್ರಕ್ಕೆ ಹೊರಟವರನ್ನು ಹಿಂದಿನಿಂದ ಕರೆಯಬಾರದು. ಕರೆದರೂ ಹೊರಟವನು ತಿರುಗಿ ನೋಡಬಾರದು. ಹಾರವಾಡದ ಮಕ್ಕಳು ಈಜು ಕಲಿಯುವ ಮೊದಲು ಇದನ್ನು ಕಲಿಯುತ್ತಾರೆ. ಆದರೂ ಆ ಬೆಳಗ್ಗೆ, ಕಿಶನ ಮತ್ತು ಅವನ ತಮ್ಮ ಆಶಿಷ ದೋಣಿ ತಳ್ಳುತ್ತಿದ್ದಾಗ, ಹೀರಾ ಮರಳಲ್ಲಿ ಓಡುತ್ತ ಕೂಗಿದ್ದಳು. "ಕಿಶನಾ, ನಿಲ್ಲೋ..."

ದಡದಲ್ಲಿದ್ದ ಹೆಂಗಸರೆಲ್ಲ ಕೇಳಿಸಿಕೊಂಡರು. ದೋಣಿ ನಿಲ್ಲಲಿಲ್ಲ.

ಸಂಜೆ ಅದು ಮಗುಚಿದ ಸುದ್ದಿ ಬಂತು. ಕಿಶನ ಬದುಕಿ ಬಂದ. ಆಶಿಷ ಬರಲಿಲ್ಲ.

ಅಂದಿನಿಂದ ಕಿಶನನ ತಾಯಿ ಮಂಜಿ, ಹೀರಾ ಕಂಡಲ್ಲೆಲ್ಲ ಮಣ್ಣು ತೂರಿದಳು. ಮೀನು ಮಾರುವ ಹೆಂಗಸರು ಹೀರಾಳ ಬುಟ್ಟಿಯ ಪಕ್ಕ ತಮ್ಮ ಬುಟ್ಟಿ ಇಡುವುದನ್ನು ಬಿಟ್ಟರು. ಇನ್ನೇನು ಆಗಬೇಕಿದ್ದ ಅವಳ ಮತ್ತು ಕಿಶನನ ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಯಾಕೆ ಕೂಗಿದೆ ಎಂದೂ ಯಾರೂ ಕೇಳಲಿಲ್ಲ. ಅವಳೂ ಹೇಳಲಿಲ್ಲ. ಹೇಳಿದರೆ ಏಟು ಬೀಳುವುದು ಬೇರೆಯವರಿಗೆ ಎಂದು ಅವಳಿಗೆ ಗೊತ್ತಿತ್ತು.

ಈಗ ಗೋವಾದ ಹೋಟೆಲೊಂದರಲ್ಲಿ ಕೆಲಸ ಸಿಗುವಂತಿತ್ತು. ಎರಡು ಮಾತು ಇಂಗ್ಲಿಷ್ ಬಂದರೆ ಸಾಕು, ಊರು ಬಿಡಬಹುದಿತ್ತು. ಬಿಟ್ಟರೆ ಮತ್ತೆ ಬರುವುದಿಲ್ಲ ಎಂದು ಅವಳು ನಿಶ್ಚಯಿಸಿಕೊಂಡಿದ್ದಳು.

ಮೊದಲ ದಿನ ಪರಿಚಯ ಹೇಳಿ ಎಂದಾಗ ಎಲ್ಲರೂ "ಮೈಸೆಲ್ಫ್ ಹರೀಶ," "ಮೈಸೆಲ್ಫ್ ಹೀರಾ" ಎಂದಿದ್ದರು. ಹಾಗಲ್ಲ, "ಐ ಆ್ಯಮ್ ಹೀರಾ" ಅನ್ನಬೇಕು ಎಂದು ಪಾಠ ಹೇಳುವ ಜಯಶ್ರೀ ಅಕ್ಕೋರು ತಿದ್ದಿದ್ದರು. ಇಂದು ಆ ಮೈಸೆಲ್ಫಿನದ್ದೇ ಪಾಠ. ಕೆಲಸ ಮಾಡಿದ್ದೂ ತಾನೇ, ಅದು ತಾಗಿದ್ದೂ ತನಗೇ ಆದರೆ ಆ ಮಾತು ಬರುತ್ತದೆ ಎಂದು ಅವರು ಬೋರ್ಡಿನ ಮೇಲೆ ಬರೆದರು. ಐ ಕಟ್ ಮೈಸೆಲ್ಫ್. ನನ್ನನ್ನು ನಾನೇ ಕೊಯ್ದುಕೊಂಡೆ. ಅವನಾದರೆ ಹಿಮ್‌ಸೆಲ್ಫ್, ಅವಳಾದರೆ ಹರ್‌ಸೆಲ್ಫ್. ಇನ್ನು ಒಬ್ಬೊಬ್ಬರೂ ಒಂದು ವಾಕ್ಯ ಹೇಳಬೇಕು.

ಹರೀಶ ಎದ್ದು, ತನ್ನ ಗಡ್ಡ ತಾನೇ ಬೋಳಿಸಿಕೊಳ್ಳುತ್ತೇನೆ ಎಂದು ಇಂಗ್ಲಿಷಿನಲ್ಲಿ ಹೇಳಿದ.

"ಕನ್ನಡಿ ಇಲ್ದೇ ಬೋಳಿಸ್ತ್ಯಾ ಕಾಣ್ತದೆ, ಮಾರಾಯಾ," ಎಂದರು ಅಕ್ಕೋರು. ಎಲ್ಲರೂ ನಕ್ಕರು.

ಹೀರಾಳ ಸರದಿ ಬಂತು. ಹಿಂದಿನ ಬೆಂಚಿನಿಂದ ಅವನ ನೋಟ ತನ್ನ ಬೆನ್ನಿಗೆ ತಾಗುತ್ತಿದೆ ಅನಿಸಿತು. ಮೀನು ಕೊಯ್ಯುವ ವಾಕ್ಯವೊಂದನ್ನು ಅವಳು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಬಾಯಿಗೆ ಬಂದದ್ದೇ ಬೇರೆ.

"ಐ ಬ್ಲೇಮ್ ಮೈಸೆಲ್ಫ್."

ತಪ್ಪು ನನ್ನದೇ ಎಂದುಕೊಳ್ಳುತ್ತೇನೆ... ವಾಕ್ಯ ಸರಿಯಾಗಿದೆ ಎಂದರು ಅಕ್ಕೋರು. ಅವಳು ಕೂತಳು.

ಕೊನೆಗೆ ಕಿಶನ ಎದ್ದ. ತಡವರಿಸಿದ. ಯಾರ ಮುಖವನ್ನೂ ನೋಡಲಿಲ್ಲ.

"ಐ ಬ್ಲೇಮ್ ಮೈಸೆಲ್ಫ್," ಎಂದ. ಆಮೇಲೆ ಮೆಲ್ಲಗೆ, "ನಾಟ್ ಹೀರಾ."

ಹೀರಾ ಚೀಲ ಎತ್ತಿಕೊಂಡು ಮೆಟ್ಟಿಲಿಳಿದಳು.

ಬಸ್ ಸ್ಟ್ಯಾಂಡಿನ ಕಂಬದ ಬಳಿ ಅವನು ಅವಳ ಮುಂದೆ ಬಂದು ನಿಂತ. ಹಾರವಾಡದ ಬಸ್ಸು ಇನ್ನೂ ಬಂದಿರಲಿಲ್ಲ.

"ನಿಂಗೆ ಇಂಗ್ಲಿಷ್ ಎಂತಕ್ಕೆ?" ಅವಳ ಧ್ವನಿ ಒರಟಾಗಿತ್ತು.

"ನಿನ್ ಸಂಗಡ ಕೂರೂಕೆ ಬೇರೆ ಜಾಗ ಇರ್ಲಿಲ್ಲ."

ಅವಳು ಬಸ್ಸು ಬರುವ ದಾರಿಯತ್ತ ಮುಖ ತಿರುಗಿಸಿದಳು.

"ಅಂದು ನೀ ಎಂತಕ್ಕೆ ಕೂಗ್ದೆ ಅಂತ ನಂಗೆ ಗೊತ್ತದೆ, ಹೀರಾ. ನಾ ತಿರುಗಿ ನೋಡಿಲ್ಲ. ಆಶಿಷ ನೋಡಿದ್ದ. 'ಅಣ್ಣಾ, ನನ್ ಜಾಕೆಟ್ ತಂದಾಳೆ, ನಿಲ್ಸು' ಅಂದ. ನಾನೇ... ತಿರುಗಬೇಡ, ದೋಣಿ ತಳ್ಳು ಅಂದೆ."

ಪಟ್ಟಿ ಹರಿದಿದೆ ಎಂದು ಆಶಿಷ ಹೊಲಿಯಲು ಕೊಟ್ಟಿದ್ದ ಲೈಫ್ ಜಾಕೆಟ್. ಬೆಳಗ್ಗೆ ಹೊಲಿದು ಮುಗಿಸಿ ಓಡಿದ್ದಳು. ಆಮೇಲೆ ಯಾರಿಗೂ ಕಾಣದಂತೆ ಪೆಟ್ಟಿಗೆಯ ತಳದಲ್ಲಿ ಅಡಗಿಸಿಟ್ಟಿದ್ದಳು. ತಿರುಗದೆ ಹೋದ ಅಣ್ಣನೇ ತಮ್ಮನನ್ನು ಕೊಂದ ಎಂದು ಯಾರೂ ಅನ್ನಬಾರದು ಎಂದು! ಅವನಿಗೂ ಗೊತ್ತಾಗಬಾರದು ಎಂದು!

"ನಿಂಗೆ ಗೊತ್ತಿತ್ತು," ಎಂದಳು. "ಗೊತ್ತಿದ್ದೂ ನೀ ವರ್ಷಪೂರ್ತಿ ಸುಮ್ಮನಿದ್ದೆ. ನಿನ್ ಆಯಿ ನನ್ ಮೇಲೆ ಮಣ್ಣು ತೂರೂದು ನೋಡ್ತಾ ಇದ್ದೆ."

"ಹೌದು."

ಅಷ್ಟೇ ಎಂದ. ಒಂದು ನೆಪವನ್ನೂ ಹೇಳಲಿಲ್ಲ. ಅದರಿಂದಲೇ ಅವಳಿಗೆ ಹೆಚ್ಚು ನೋವಾಯಿತು.

ಮತ್ತೆ ಅವನೇ ಹೇಳಿದ. ನಿನ್ನೆ ತಾಯಿಗೆ ಎಲ್ಲವನ್ನೂ ಹೇಳಿದನಂತೆ. ಅವಳು ಕೂಗಲಿಲ್ಲ, ಅಳಲಿಲ್ಲ. ಬಡಿಸಿದ್ದ ಅನ್ನವನ್ನು ಅವನ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದಳಂತೆ. ನಾಳೆ ದಡದಲ್ಲೂ ಎಲ್ಲರ ಎದುರು ಹೇಳುತ್ತಾನಂತೆ.

"ನೀ ಗೋವಾಕ್ಕೆ ಹೋಗು. ಆದ್ರೆ ತಪ್ಪು ಹೊತ್ಕಂಡು ಹೋಗ್ಬೇಡ. ಅಷ್ಟು ಹೇಳೂಕೆ ಬಂದೆ."

ಅವನು ತಿರುಗಿ ರಸ್ತೆಯತ್ತ ನಡೆದ. ಸೋತ ಭುಜ, ಸವೆದ ಚಪ್ಪಲಿ. ಆ ಬೆಳಗ್ಗೆ ಅವಳು ಕಂಡಿದ್ದೂ ಇದೇ ಬೆನ್ನನ್ನು.

ಹೋಗಲಿ ಬಿಡು... ಇವನಿಗಾಗಿ ಅತ್ತದ್ದು ಸಾಕು.

ಆದರೆ ನಾಳೆ ಆ ದಡದಲ್ಲಿ, ಅಷ್ಟು ಜನರ ನಡುವೆ, ಇವನೊಬ್ಬನೇ...

"ಕಿಶನಾ."

ಕೂಗಿದ ಮೇಲೆ ಅವಳೇ ಹೆದರಿ ಬಾಯಿ ಮುಚ್ಚಿಕೊಂಡಳು. ಹಿಂದಿನಿಂದ ಕರೆದಿದ್ದಳು, ಮತ್ತೆ!

ಅವನು ನಿಂತ. ಪೂರ್ತಿ ತಿರುಗಿದ. ಅವಳ ಬಳಿ ಬಂದ.

"ಜಾಕೆಟ್ ನನ್ ಹತ್ರ ಅದೆ," ಎಂದಳು. "ನಾಳೆ ತರ್ತೆ. ಆಯಿ ಕೈಲಿ ಕೊಡ್ಬೇಕು."

"ಬೈತಾಳೆ."

"ಬೈಲಿ. ಇಬ್ರೂ ನಿಂತ್ಕಂಡು ಕೇಳುವಾ."

ಅವನ ಕಣ್ಣು ತುಂಬಿ ಬಂತು. ಹಾರವಾಡದ ಬಸ್ಸು ಬಂದು ನಿಂತಿತು. ಇಬ್ಬರೂ ಹತ್ತಿದರು. ವರ್ಷದ ನಂತರ ಮೊದಲ ಬಾರಿ ಅವಳ ಪಕ್ಕದ ಸೀಟು ಖಾಲಿ ಉಳಿಯಲಿಲ್ಲ.

"ನಾ ಕರೆದಾಗ ಹೆದ್ರಿಕೆ ಆಗಿಲ್ವಾ?" ಅವಳು ಕಿಟಕಿಯ ಕಡೆ ನೋಡುತ್ತಲೇ ಕೇಳಿದಳು.

"ಆಯ್ತು," ಎಂದ ಅವನು. "ಆದ್ರೂ ತಿರುಗ್ದೆ."