ಜಾಡಿಯಲ್ಲಿದ್ದವನು

ಜಾಡಿ ಖಾಲಿಯಾಗಿತ್ತು. ಯಾರೋ ಅದನ್ನು ತೊಳೆದು, ಒರೆಸಿ, ಅದೇ ಗೂಡಿನಲ್ಲಿ ಬೋರಲು ಹಾಕಿದ್ದರು.

ಬೆಳಿಗ್ಗೆ ಒಂಬತ್ತಕ್ಕೆ ತಂಪುಕೋಣೆಯ ಬಾಗಿಲು ತೆರೆದ ನನ್ನ ಮಗಳು ವಿಭಾ ಕಂಡದ್ದು ಇದನ್ನು. ಅವಳ ಫೋನು ಬಂದಾಗ ನಾನು ನಂಜನಗೂಡಿನ ದೇವಸ್ಥಾನದ ಹೊರಗೆ ಚಪ್ಪಲಿ ಹುಡುಕುತ್ತಿದ್ದೆ. ಅಮಾವಾಸ್ಯೆ, ಕಾಲಿಡಲು ಜಾಗವಿರಲಿಲ್ಲ.

"ಅಪ್ಪಾ, ಅಣ್ಣನ್ನ ಯಾರೋ ಖಾಲಿ ಮಾಡಿಬಿಟ್ರು—"

ನನಗೆ ಅರ್ಥವಾಗಲಿಲ್ಲ. ಅವಳ ಅಣ್ಣ, ನನ್ನ ಮಗ ಚಿರಂತನ, ಡೆಂಗಿ ಜ್ವರದಲ್ಲಿ ತೀರಿಕೊಂಡು ಏಳು ತಿಂಗಳಾಗಿತ್ತು.

"ಯೀಸ್ಟ್ ಅಪ್ಪ. ಅಣ್ಣ ಬೆಳೆಸಿದ ಯೀಸ್ಟ್. ಅದೊಂದೇ ಜಾಡಿ ಇದ್ದದ್ದು. ನೀವು ಈ ಕಡೆ ಬರಲ್ಲ ಅಂತ ಗೊತ್ತು. ಸ್ವಾಮಿ ಮಾಮನ್ನಾದರೂ ಕಳಿಸಿ."

ಸ್ವಾಮಿ ಮಾಮ ಎಂದರೆ ನನ್ನ ಬಾಲ್ಯದ ಗೆಳೆಯ ಮಹಾದೇವಸ್ವಾಮಿ. ಸರ್ಕಲ್ ಇನ್ಸ್‌ಪೆಕ್ಟರಾಗಿ ನಿವೃತ್ತನಾದವನು. ಪ್ರತಿ ಅಮಾವಾಸ್ಯೆ ಇಬ್ಬರೂ ಒಟ್ಟಿಗೆ ನಂಜುಂಡೇಶ್ವರನ ದರ್ಶನ ಮಾಡುತ್ತೇವೆ. ವಿಷಯ ಕೇಳಿ ಅವನು ಕಾರಿನ ಬಾಗಿಲು ತೆಗೆದು ಹಿಡಿದ.

"ಹತ್ತಿ ಮೇಷ್ಟ್ರೇ."

"ನಾನು ಅಲ್ಲಿಗೆ ಕಾಲಿಟ್ಟಿಲ್ಲ ಸ್ವಾಮಿ."

"ಇವತ್ತು ಇಡಿ. ಮಗಳು ಅಳ್ತಿದಾಳೆ."

ನಾನು ಶಾಲೆಯಲ್ಲಿ ಸಂಸ್ಕೃತ ಕಲಿಸಿದವನು. ರಜೆಯ ದಿನಗಳಲ್ಲಿ ಪೌರೋಹಿತ್ಯ. ನನ್ನ ಮಗ ಓದಿಕೊಂಡು ಬಂದು ತಿರುಮಕೂಡಲು ನರಸೀಪುರದ ಹತ್ತಿರ, ಹೆಮ್ಮಿಗೆಯ ಆಚೆ, ಬಿಯರ್ ಕುದಿಸುವ ಬ್ರೂವರಿ ಕಟ್ಟಿದ. ಅವನು ಬದುಕಿದ್ದ ಆರು ವರ್ಷವೂ ನಾನು ಆ ದಾರಿಯಲ್ಲಿ ಹೋಗಲಿಲ್ಲ. ಅವನು ಹೋದ ಮೇಲೆ ಮಗಳು ಅದನ್ನು ಹೊತ್ತುಕೊಂಡಳು. ಬರೀ ಬಿಯರಿನಿಂದ ಅದು ನಡೆಯುವಂತಿರಲಿಲ್ಲ. ಕಂಪನಿಗಳ ಮೀಟಿಂಗುಗಳಿಗೆ ಜಾಗ ಕೊಡತೊಡಗಿದಳು. ಮೈಸೂರಿನಿಂದ, ಬೆಂಗಳೂರಿನಿಂದ ಇಪ್ಪತ್ತು ಮೂವತ್ತು ಜನ ಬಂದು ಎರಡು ದಿನ ತಂಗುತ್ತಾರೆ. ಬೆಳಿಗ್ಗೆ ಬೋರ್ಡಿನ ಮುಂದೆ ಚರ್ಚೆ, ಸಂಜೆ ಹೊಳೆಯ ಗಾಳಿಯಲ್ಲಿ ಬಿಯರು. ಮಗಳು ಒಬ್ಬಳೇ ಆದಳೆಂದು ನನ್ನ ಹೆಂಡತಿ ಪುಟ್ಟಲಕ್ಷ್ಮಿ ಅಲ್ಲಿಗೆ ಹೋಗಿ ಆ ಜನಕ್ಕೆ ಊಟ ತಿಂಡಿ ಮಾಡಿಸುತ್ತಾಳೆ. ಆ ಎರಡು ದಿನ ಅಲ್ಲೇ ಇರುತ್ತಾಳೆ. ನಾನು ಬೇಡವೆನ್ನಲಿಲ್ಲ, ಹೋಗೆಂದೂ ಹೇಳಲಿಲ್ಲ.

ವಿಭಾ ಗೇಟಿನಲ್ಲೇ ನಿಂತಿದ್ದಳು. ನನ್ನನ್ನು ಕಂಡು ಒಂದು ಗಳಿಗೆ ನೋಡಿ, ತಂಪುಕೋಣೆಯ ಕಡೆ ನಡೆದಳು.

ತಂಪುಕೋಣೆಗೆ ಬೀಗವಿರಲಿಲ್ಲ. ಒಳಗೆ ಗೂಡುಗಳು, ಪೀಪಾಯಿಗಳು. ಜಾಡಿ ಸ್ಟೀಲಿನದು, ಐದು ಸೇರಿನಷ್ಟು ಹಿಡಿಯುವಂಥದ್ದು.

"ಇದರಲ್ಲಿ ಏನಿತ್ತು, ನನಗೆ ತಿಳಿಯೋ ಹಾಗೆ ಹೇಳು ತಾಯಿ," ಎಂದ ಸ್ವಾಮಿ.

"ಬಿಯರ್ ಹುದುಗೋದು ಯೀಸ್ಟಿನಿಂದ ಮಾಮ. ಮೊಸರಿಗೆ ಹೆಪ್ಪು ಇದ್ದಹಾಗೆ. ಅಣ್ಣ ರಸಬಾಳೆ ಸಿಪ್ಪೆ ಮೇಲಿಂದ ಇದನ್ನ ಹಿಡಿದು ಬೆಳೆಸಿದ್ದ. ಪ್ರತಿ ಸಲ ಟ್ಯಾಂಕಿನ ತಳದಲ್ಲಿ ಕೂತದ್ದನ್ನ ತೆಗೆದಿಟ್ಟು ಮುಂದಿನ ಸಲಕ್ಕೆ ಹಾಕ್ತೀವಿ. ಆರು ವರ್ಷದಿಂದ ಅದೇ ಜೀವ."

"ಬೇರೆ ಎಲ್ಲೂ ಇಲ್ಲವಾ?"

"ಟ್ಯಾಂಕು ನಿನ್ನೇನೇ ತೊಳೆದಾಯ್ತು. ಪೀಪಾಯಿಲಿರೋದು ಶೋಧಿಸಿದ್ದು, ಅದರಲ್ಲಿ ಜೀವ ಇಲ್ಲ." ಅವಳು ಖಾಲಿ ಜಾಡಿಯನ್ನು ಎತ್ತಿಕೊಂಡಳು. "ಅವನ ಬಟ್ಟೆ, ಪುಸ್ತಕ ಎಲ್ಲಾ ಹಾಗೇ ಇದೆ ಮಾಮ. ಆದರೆ ಬದುಕಿದ್ದದ್ದು ಇದೊಂದೇ."

ಸ್ವಾಮಿ ನೆಲದ ಮೋರಿಯ ಜಾಲರಿ ಎತ್ತಿ ಬೆರಳಾಡಿಸಿ ಮೂಸಿದ. ಒಣಗಿತ್ತು. ಜಾಡಿಯಿದ್ದ ಗೂಡಿನ ಮೇಲೆ ಮೂರು ನಾಲ್ಕು ಕಾಳುಗಳು ಕಂಡವು. ಅವನು ಒಂದನ್ನು ಬೆರಳಿಗೆ ಅಂಟಿಸಿಕೊಂಡ.

"ಇದೇನು ಮೇಷ್ಟ್ರೇ?"

"ಎಳ್ಳು. ಅಡುಗೆಮನೆಯ ಚಟ್ನಿಪುಡಿಯದಿರಬೇಕು," ಎಂದೆ.

ಅವನು ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ.

ಮೊದಲು ಕರೆಸಿದ್ದು ನಂಜೇಶನನ್ನು. ಬಿಯರ್ ಕುದಿಸುವುದರಲ್ಲಿ ಚಿರಂತನನ ಬಲಗೈ. ಬರುವ ತಿಂಗಳು ಬೆಂಗಳೂರಿನ ಇನ್ನೊಂದು ಬ್ರೂವರಿಗೆ ಹೋಗುವವನಿದ್ದ.

"ಬರಿಗೈಲಿ ಹೋಗಕ್ಕಾಗಲ್ಲ ಅಂತ ತಗೊಂಡೆಯೇನೋ?" ಎಂದ ಸ್ವಾಮಿ.

ನಂಜೇಶನ ಮುಖ ಕೆಂಪೇರಿತು. "ನಂಗೆ ಬೇಕಿದ್ರೆ ಒಂದ್ ಚಮಚ ಸಾಕು ಸಾ. ಅದನ್ನೇ ಬೆಳೆಸ್ಕೋಬೋದು. ಇಡೀ ಜಾಡಿ ಯಾಕ್ ಹೊತ್ಕೊಂಡೋಗ್ಲಿ? ಮೂಟೆ ಹೊರೋ ಕೆಲಸ ಬಿಟ್ಟು ಮೂರ್ ವರ್ಷ ಆಯ್ತು."

"ಹಾಳು ಮಾಡೋ ಉದ್ದೇಶ ಇದ್ದರೆ?"

"ಹಾಳ್ ಮಾಡೋನು ಹೊರಗಡೆ ಬಿಸಿಲಿಗಿಟ್ರೆ ಸಾಕಲ್ಲ ಸಾ? ತೊಳ್ದು, ಒರೆಸಿ, ಬೋರಲಾಕ್ತಾನಾ?" ಎಂದವನು ದನಿ ತಗ್ಗಿಸಿದ. "ಅಣ್ಣ ನಂಗೆ ಅನ್ನ ಹಾಕ್ದೋರು. ನಾನು ಹೋಗ್ತಿರೋದು ಅವ್ರಿಲ್ದೆ ಇಲ್ಲಿರೋಕಾಗ್ದೆ."

ಆಮೇಲೆ ದೀಪಕ್. ಮೀಟಿಂಗಿಗೆಂದು ಬಂದು ತಂಗಿದ್ದ ಕಂಪನಿಯ ಮುಖ್ಯಸ್ಥ, ನಲವತ್ತರ ಆಸುಪಾಸು. ಬೆಳಿಗ್ಗೆ ತಂಪುಕೋಣೆಯಿಂದ ಅವನು ಹೊರಬಂದದ್ದನ್ನು ಕಾವಲುಗಾರ ನೋಡಿದ್ದ. ಕೇಳಿದಾಗ ಅವನು ತಡವರಿಸಿದ.

"ಬಿಸಿನೀರು ಎಲ್ಲಿ ಅಂತ ಹುಡುಕ್ತಾ—"

"ತಂಪುಕೋಣೆಯಲ್ಲಿ ಬಿಸಿನೀರೇ?"

ದೀಪಕ್ ಫೋನು ತೆಗೆದು ತೋರಿಸಿದ. ಜಾಡಿಯ ಚಿತ್ರ, ಮುಚ್ಚಳ ತೆರೆದು ತೆಗೆದದ್ದು. ಒಳಗೆ ಕೆನೆಬಣ್ಣದ ಗಟ್ಟಿ ದ್ರವ, ಅಂಚಿನ ತನಕ. ಸಮಯ ಆರು ನಲವತ್ತು.

"ನನ್ನ ತಂಗಿ ಹೋಗಿ ಎರಡು ವರ್ಷ ಆಯ್ತು ಸರ್. ನಿನ್ನೆ ವಿಭಾ ಮೇಡಮ್ ಹೇಳಿದ್ದು ಕೇಳಿ ರಾತ್ರಿಯೆಲ್ಲ ಅದೇ ಯೋಚನೆ. ಅಮ್ಮನಿಗೆ ತೋರಿಸೋಣ ಅಂತ ಫೋಟೋ ತೆಗೆದೆ. ಅಷ್ಟೇ."

"ವಿಭಾ ಏನು ಹೇಳಿದಳು?"

"ಬಂದೋರಿಗೆಲ್ಲ ಬ್ರೂವರಿ ತೋರಿಸ್ತಾರಲ್ಲ, ಆಗ ಜಾಡಿ ಎತ್ತಿ ಹಿಡಿದು ಹೇಳಿದ್ರು. 'ಇದು ನಮ್ಮಣ್ಣ. ಅಣ್ಣ ಎಲ್ಲೂ ಹೋಗಿಲ್ಲ, ಇದರೊಳಗೆ ಬದುಕಿದಾನೆ. ಅವನಿಗೆ ಹಸಿವಾಗುತ್ತೆ, ನಾವು ಊಟ ಹಾಕ್ತೀವಿ' ಅಂತ. ನಾವೆಲ್ಲ ಚಪ್ಪಾಳೆ ತಟ್ಟಿದ್ವಿ."

"ಆಗ ನಿಮ್ಮವರನ್ನ ಬಿಟ್ಟು ಇನ್ಯಾರಿದ್ದರು?"

"ಯಾರೂ ಇಲ್ಲ ಸರ್. ಕಾಫಿ ಕೊಡ್ತಿದ್ದ ಅಮ್ಮ ಒಬ್ಬರು."

ಸ್ವಾಮಿ ವಿಭಾಳ ಕಡೆ ತಿರುಗಿದ. "ಪ್ರತಿ ಸಲ ಹೀಗೇ ಹೇಳ್ತೀಯಾ?"

"ಹೂಂ ಮಾಮ. ಜನಕ್ಕೆ ಇಷ್ಟ ಆಗುತ್ತೆ." ಅವಳೇ ಸೇರಿಸಿದಳು. "ನನಗೂ ಸಮಾಧಾನ ಆಗುತ್ತೆ."

ಸ್ವಾಮಿ ಅಡುಗೆಮನೆಗೆ ನಡೆದ. ಪುಟ್ಟಲಕ್ಷ್ಮಿ ಅಲ್ಲಿರಲಿಲ್ಲ. ಅವಳ ಜೊತೆ ಕೆಲಸ ಮಾಡುವ ಹೆಮ್ಮಿಗೆಯ ಸಾಕಮ್ಮ ಈರುಳ್ಳಿ ಹೆಚ್ಚುತ್ತಿದ್ದಳು.

"ಅಮ್ಮಾರು ಎಲ್ಲಿ?"

"ಎಲ್ಲಾರ್ಗೂ ತಿಂಡಿಗಿಟ್ಬುಟ್ಟು ಏಳೂವರೆಗೇ ಓದ್ರು ಕಣ್ ಸಾ. ನರಸೀಪುರದ ದೇವಸ್ಥಾನಕ್ಕೆ ಅಂದ್ರು. ಒಂದ್ ಲೋಟ ಕಾಪಿನೂ ಕುಡೀನಿಲ್ಲ."

"ಕೈಯಲ್ಲಿ ಏನಾದರೂ ಇತ್ತಾ?"

"ಒಸಾ ಮಡಕೆ ಇತ್ತು. ಬಟ್ಟೆ ಕಟ್ಟಿತ್ತು. ನೆನ್ನೆನೇ ತರ್‍ಸಿದ್ರು, ಮೊಸರಿಗೆ ಅಂತ. ಮೊಸರು ತಕಂಡು ದೇವಸ್ಥಾನಕ್ಯಾಕೆ ಅಂದೆ. ನೀ ಈರುಳ್ಳಿ ಎಚ್ಚು ಅಂದ್ರು."

ಗೇಟಿನ ಬಳಿ ಚಿಕ್ಕಮಾದುವಿನ ಆಟೋ ಇತ್ತು. ಅವನು ತಾನಾಗಿಯೇ ಹೇಳಿದ.

"ದೇವಸ್ಥಾನದತ್ರ ಇಳಿನಿಲ್ಲ ಸಾ. ಸೀದಾ ಹೊಳೆತಾವ್ಕೆ ಬುಡು ಅಂದ್ರು. ಸಂಗಮದ್ ಮೆಟ್ಲತ್ರ ಬುಟ್ಟೆ. ಕಾಯ್ಲಾ ಅಂದೆ, ಬ್ಯಾಡ ಅಂದ್ರು. ದಾರೀಲೆಲ್ಲ ಮಡಕೆನಾ ಮಗೀನಂಗೆ ತೊಡೆ ಮ್ಯಾಲೆ ಇಡ್ಕಂಡಿದ್ರು."

ವಿಭಾಳನ್ನು ಅತಿಥಿಗಳ ಬಳಿ ಬಿಟ್ಟು ನಾವಿಬ್ಬರೂ ಹೊರಟೆವು.

ಕಪಿಲೆ ಕಾವೇರಿಯನ್ನು ಸೇರುವಲ್ಲಿ ಬಿಸಿಲು ಏರಿತ್ತು. ಪುರೋಹಿತರು ಅಲ್ಲಲ್ಲಿ ಜನರನ್ನು ಕೂರಿಸಿಕೊಂಡು ತರ್ಪಣ ಮಾಡಿಸುತ್ತಿದ್ದರು. ಕೆಳಗಿನ ಮೆಟ್ಟಿಲಲ್ಲಿ, ಎಲ್ಲರಿಂದ ದೂರದಲ್ಲಿ, ನನ್ನ ಹೆಂಡತಿ ಒದ್ದೆ ಸೀರೆಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಮಡಕೆಯ ಚೂರುಗಳಿದ್ದವು.

ಸ್ವಾಮಿ ನನ್ನನ್ನು ಮೇಲಿನ ಮೆಟ್ಟಿಲಲ್ಲೇ ತಡೆದ.

"ಮೊದಲು ಇಲ್ಲಿ ಕೂತ್ಕೋ. ಕದಿಯೋನಿಗೆ ಒಂದು ಚಮಚ ಸಾಕು. ಹಾಳು ಮಾಡೋನು ಮೋರಿಗೆ ಸುರೀತಾನೆ, ಮೋರಿ ಒಣಗಿತ್ತು. ಅಂದರೆ ಪೂರ್ತಿಯಾಗಿ, ಚೆಲ್ಲದ ಹಾಗೆ, ಯಾರೋ ಜೋಪಾನವಾಗಿ ಒಯ್ದಿದಾರೆ. ಒಯ್ದು, ಪಾತ್ರೆ ಬೆಳಗಿಟ್ಟಿದಾರೆ. ಎಂಜಲು ಪಾತ್ರೆ ಬಿಟ್ಟು ಮನೆಯಿಂದ ಹೊರಡದ ಹೆಂಗಸು ಮಾತ್ರ ಹಾಗೆ ಮಾಡ್ತಾಳೆ."

ಅವನು ಕರವಸ್ತ್ರ ಬಿಚ್ಚಿದ.

"ನೀನು ಇದನ್ನ ಚಟ್ನಿಪುಡಿದು ಅಂದೆ. ಚಟ್ನಿಪುಡಿಯ ಎಳ್ಳು ಹುರಿದಿರುತ್ತೆ, ಪುಡಿಯಾಗಿರುತ್ತೆ. ಇದು ನೋಡು. ಹಸಿ, ಇಡಿ, ಕಪ್ಪು. ಊರವರಿಗೆಲ್ಲ ತಿಥಿ ಮಾಡಿಸಿದ ನಿನಗೆ ಇದು ಗೊತ್ತಾಗಲಿಲ್ಲವಾ? ಮಡಕೆಯ ತಳಕ್ಕೆ ಎಳ್ಳು ಹಾಕಿಕೊಂಡೇ ಹೋಗಿದಾಳೆ. ಸುರಿಯುವಾಗ ನಾಲ್ಕು ಕಾಳು ಸಿಡಿದಿವೆ."

"ಆದರೆ ಯಾಕೆ ಸ್ವಾಮಿ? ಮಗಳ ಜೀವ ಅದರಲ್ಲಿತ್ತು."

"ಆ ಹುಡುಗಿ ಬಂದವರ ಮುಂದೆಲ್ಲ ಏನು ಹೇಳ್ತಾಳೆ? ಅಣ್ಣ ಹೋಗಿಲ್ಲ, ಇದರಲ್ಲೇ ಇದಾನೆ, ಹಸೀತಾನೆ ಅಂತ. ಆ ಜನಕ್ಕೆ ಅದು ಚಂದದ ಮಾತು, ಚಪ್ಪಾಳೆ ತಟ್ತಾರೆ. ಕಾಫಿ ಲೋಟ ಹಿಡಿದು ನಿಂತ ತಾಯಿಗೆ ಹೇಗೆ ಕೇಳಿಸಿರಬೇಡ? ಏಳು ತಿಂಗಳಾದರೂ ಮಗ ಹಸಿದುಕೊಂಡು ಒಂದು ಡಬ್ಬದಲ್ಲಿ ಸಿಕ್ಕಿಹಾಕಿಕೊಂಡಿದಾನೆ. ದಾರಿ ಸಿಕ್ಕಿಲ್ಲ. ಯಾಕೆ ಸಿಕ್ಕಿಲ್ಲ?"

ಉತ್ತರ ಅವನಿಗೂ ಗೊತ್ತಿತ್ತು. ಆ ದಿನ ಸ್ಮಶಾನದಲ್ಲಿ ನನ್ನ ಪಕ್ಕದಲ್ಲೇ ನಿಂತಿದ್ದವನು ಅವನು. ಮದುವೆಯಾಗದ ಮಗ, ಕರ್ಮ ಮಾಡಬೇಕಾದವನು ನಾನು. ಹೆಂಡ ಕುದಿಸಿದ ಕೈಗೆ ಎಳ್ಳುನೀರು ಬಿಡಲಾರೆನೆಂದು ಎಲ್ಲರ ಮುಂದೆ ಹೇಳಿ, ತಮ್ಮನ ಮಗ ಹರಿಪ್ರಸಾದನಿಂದ ಮಾಡಿಸಿದ್ದೆ. ಪುಟ್ಟಲಕ್ಷ್ಮಿ ಅವತ್ತು ತುಟಿ ಬಿಚ್ಚಲಿಲ್ಲ. ಆಮೇಲೂ ಬಿಚ್ಚಲಿಲ್ಲ.

"ಜಾಡಿ ಖಾಲಿ ಮಾಡಿದ ಕೈ ಅವಳದು," ಎಂದ ಸ್ವಾಮಿ. "ಅಪರಾಧಿ ಯಾರು ಅಂತ ಕೇಳಿದರೆ ನಾನು ಅವಳ ಹೆಸರು ಬರೆಯಲ್ಲ, ಚಂದ್ರಶೇಖರ."

ಮೇಷ್ಟ್ರೇ ಎನ್ನದೆ ಅವನು ನನ್ನನ್ನು ಕರೆದು ನಲವತ್ತು ವರ್ಷವಾಗಿತ್ತು.

ಮೆಟ್ಟಿಲಿಳಿದು ಹೋಗಿ ಅವಳ ಪಕ್ಕದಲ್ಲಿ ಕೂತೆ. ಅವಳು ನೀರಿನಿಂದ ಕಣ್ಣು ತೆಗೆಯಲಿಲ್ಲ.

"ಮಂತ್ರ ಬರಲ್ಲ ನಂಗೆ," ಎಂದಳು. "ಅಲ್ಲಿ ಕೂತಿದ್ದ ಪುರೋಹಿತರನ್ನ ಕೇಳಿದೆ. ಹೆಂಗಸರು ಬಿಡೋ ಹಾಗಿಲ್ಲಮ್ಮ, ಮನೇಲಿ ಗಂಡಸರಿಲ್ಲವಾ ಅಂದ್ರು. ಇದಾರೆ ಅನ್ನೋಕೆ ಬಾಯಿ ಬರಲಿಲ್ಲ. ಹೋಗಪ್ಪಾ ಮಗನೇ ಅಂತ ಹೇಳಿ ನಾನೇ ನೀರಿಗೆ ಬಿಟ್ಟೆ."

"ನನ್ನನ್ನ ಕೇಳಬಾರದಿತ್ತಾ?"

"ಕೇಳಿದ್ರೆ ಬರ್ತಿದ್ರಾ?"

ಬರುತ್ತಿರಲಿಲ್ಲ. ಅವಳೇ ಮತ್ತೆ ಅಂದಳು. "ವಿಭಾಗೆ ಏನು ಹೇಳೋದು? ಅವಳು ನನ್ನ ಮುಖ ನೋಡ್ತಾಳಾ?"

ನಾನು ವಿಭಾಳಿಗೆ ಫೋನು ಮಾಡಿದೆ. ಆಚೆ ಕಡೆ ಯಾರೋ ಮೈಕಿನಲ್ಲಿ ಮಾತಾಡುತ್ತಿದ್ದರು. ಅವಳು ಹೊರಗೆ ಬಂದಳು.

"ಸಿಕ್ಕಿತಾ ಅಪ್ಪ?"

"ಇಲ್ಲ ಮಗು. ಹೊಳೆಗೆ ಹೋಯಿತು. ಅಮ್ಮ ಬಿಟ್ಟಳು. ಅದು ನಾನು ಮಾಡಬೇಕಾಗಿದ್ದ ಕೆಲಸ. ಮಾಡಲಿಲ್ಲ. ಅದಕ್ಕೇ ನಿನ್ನ ಅಣ್ಣನನ್ನ ಎರಡನೇ ಸಲ ಕಳೆದುಕೊಂಡೆ ನೀನು. ಬೈಯೋದಿದ್ದರೆ ನನ್ನನ್ನ ಬೈ."

ಅವಳು ಅತ್ತಳು. ನಾನು ಫೋನು ಕಿವಿಯಿಂದ ತೆಗೆಯಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಮೂಗು ಒರೆಸಿಕೊಂಡ ಸದ್ದು ಕೇಳಿಸಿತು.

"ಅಮ್ಮ ಬೆಳಿಗ್ಗೆಯಿಂದ ಏನೂ ತಿಂದಿಲ್ಲ," ಎಂದಳು. "ಬಿಸಿಲಲ್ಲಿ ಕೂರಿಸಬೇಡಿ. ಅಣ್ಣನಿಗೆ ನೀವು ಮಾಡಬೇಕಾದ್ದು ಮಾಡಿ, ಬೇಗ ಕರ್ಕೊಂಡು ಬನ್ನಿ."

ಫೋನನ್ನೂ ಕನ್ನಡಕವನ್ನೂ ಕೆಳಗಿಳಿದು ಬಂದ ಸ್ವಾಮಿಯ ಕೈಗೆ ಕೊಟ್ಟು ನಾನು ನೀರಿಗಿಳಿದೆ.